ಗೇಟಿನಲ್ಲಿ ಆಕ್ಸೆಸ್ ಪಾಸ್ ಅಂತ ಹೆಸರು ಹಿಡಿದು ಕೇಳಿ

ಅಮೆರಿಕದ ಸೇನೆಯಲ್ಲಿ ಆರು ವರ್ಷ ಇದ್ದೆ. ತರಬೇತಿಯಲ್ಲಿ ಬಿದ್ದು ಬಲ ಮೊಣಕಾಲು ಹೋಯಿತು. ಈಗ ಕೋಲು ಹಿಡಿದೇ ನಡೆಯುತ್ತೇನೆ. ಮಲೆನಾಡಿನಲ್ಲಿ ಬೆಳೆದವನು ನಾನು. ಸೇನೆ ಬಿಟ್ಟ ಮೇಲೆ ಕ್ಯಾಲಿಫೋರ್ನಿಯಾದ ಮನೆಯೊಳಗೆ ಕಳೆದ ಎರಡು ವರ್ಷ ನನಗೆ ತುಂಬಾ ಭಾರವಾಗಿತ್ತು.

ಹೊರಗೆ ಸುತ್ತಾಡೋಣ ಅಂತ ಮೊದಲು ಮಾಡಿಸಿದ್ದು ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಸಿಗುವ ಮಿಲಿಟರಿ ಪಾಸ್. ಮಾಜಿ ಸೈನಿಕರಿಗೆ ಇದು ಜೀವನಪೂರ್ತಿ ಉಚಿತ, ಸೇವೆಯಲ್ಲಿರುವವರಿಗೆ ವರ್ಷ ವರ್ಷ ಉಚಿತ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ‘ವೆಟರನ್’ ಎಂದು ಬರೆದಿದ್ದ ಡ್ರೈವಿಂಗ್ ಲೈಸೆನ್ಸ್ ತೋರಿಸಿದೆ, ಕೊಟ್ಟರು. ಕಾರಿನ ಪ್ರವೇಶ ಶುಲ್ಕ 35 ಡಾಲರ್ ಉಳಿಯಿತು. ಅಷ್ಟೇ ಸಿಗುವುದು ಅಂದುಕೊಂಡು ಕ್ಯಾಂಪ್ ಜಾಗಕ್ಕೆ ಪೂರ್ತಿ ದುಡ್ಡು ಕಟ್ಟಿದೆ.

ಪಕ್ಕದ ಟೆಂಟಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ ಹಿರಿಯರೊಬ್ಬರಿದ್ದರು. ನನ್ನ ಕೋಲು ನೋಡಿ, “ಆಕ್ಸೆಸ್ ಪಾಸ್ ಯಾಕೆ ಮಾಡಿಸಿಲ್ಲ?” ಅಂದರು. ನನಗೆ ಆ ಹೆಸರೇ ಗೊತ್ತಿರಲಿಲ್ಲ.

ಮಿಲಿಟರಿ ಪಾಸ್ ಪ್ರವೇಶಕ್ಕೆ ಮಾತ್ರ. ಆಕ್ಸೆಸ್ ಪಾಸ್ ಇದ್ದರೆ ಪ್ರವೇಶವೂ ಉಚಿತ, ಎಷ್ಟೋ ಕಡೆ ಕ್ಯಾಂಪಿಂಗ್‌ಗೆ ಅರ್ಧ ದುಡ್ಡು. ಶಾಶ್ವತ ಅಂಗವೈಕಲ್ಯ ಇರುವ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಅದು ಸಿಗುತ್ತದೆ. ಸೈನಿಕರೇ ಆಗಬೇಕೆಂದಿಲ್ಲ. ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ, ಕೊಟ್ಟ ಅಂಗವೈಕಲ್ಯದ ರೇಟಿಂಗ್ ನೂರಕ್ಕೆ ನೂರು ಇರಬೇಕು ಅಂತ ಜಾಸ್ತಿ ಜನ ನಂಬಿದ್ದಾರೆ. ಹಾಗೇನಿಲ್ಲ, ನನ್ನದು 60. ದಯವಿಟ್ಟು ಆ ಒಂದು ತಪ್ಪು ಕಲ್ಪನೆಯಿಂದ ಸುಮ್ನೆ ಕೂರಬೇಡಿ.

ಮರುದಿನವೇ ವಿಎ ಪತ್ರ, ಲೈಸೆನ್ಸ್ ಹಿಡಿದು ಗೇಟಿಗೆ ಹೋದೆ. ಒಂದು ಸಹಿ ಹಾಕಿದೆ. ಪಾಸು ಕೈಗೆ ಬಂತು. ಆನ್‌ಲೈನ್‌ನಲ್ಲಿ ಮಾಡಿಸಿದರೆ ಶುಲ್ಕ ಬೀಳಬಹುದು, ಹಾಗಾಗಿ ಖುದ್ದಾಗಿ ಹೋಗುವುದೇ ಒಳ್ಳೆಯದು. ಕ್ಯಾಂಪ್ ಬುಕ್ ಮಾಡುವಾಗ ಪಾಸಿನ ನಂಬರ್ ಹಾಕಿ. ಅಲ್ಲಿಗೆ ಹೋದಾಗ ಪಾಸು, ಫೋಟೋ ಇರುವ ಗುರುತಿನ ಚೀಟಿ ಎರಡೂ ಜೊತೆಗಿರಲಿ.

ಊರಿಂದ ಅಪ್ಪ ಅಮ್ಮ ಬಂದಾಗ ನನ್ನ ಪಾಸಿನಲ್ಲೇ ಕಾರಿನವರೆಲ್ಲ ಒಳಗೆ ಹೋದೆವು. ಯೊಸೆಮಿಟಿಯೊಳಗಿನ ಮಿರರ್ ಲೇಕ್ ಕೆರೆಯ ದಾರಿಯಲ್ಲಿ ಬೇರೆ ಕಾರುಗಳಿಗೆ ಪ್ರವೇಶವಿಲ್ಲ. ಅಂಗವಿಕಲರ ಪಾರ್ಕಿಂಗ್ ಫಲಕ ಇದ್ದರೆ ಬಿಡುತ್ತಾರೆ. ಆ ಫಲಕವನ್ನು ರಾಜ್ಯದ ಡಿಎಂವಿಯಲ್ಲಿ (ವಾಹನ, ಲೈಸೆನ್ಸ್ ಕಚೇರಿ) ಬೇರೆಯಾಗಿಯೇ ಮಾಡಿಸಬೇಕು, ಪಾಸಿಗೂ ಅದಕ್ಕೂ ಸಂಬಂಧವಿಲ್ಲ. ಲೈಟು ಮಿನುಗಿಸುತ್ತಾ ನಿಧಾನಕ್ಕೆ ಹೋದೆವು. ಬಂಡೆ ನೀರಲ್ಲಿ ಕಾಣುತ್ತಿತ್ತು. “ಸ್ವಲ್ಪ ಹೊತ್ತು ಇಲ್ಲೇ ಇರೋಣ ಕಣೋ” ಅಂದರು ಅಮ್ಮ. ಕತ್ತಲಾಗುವವರೆಗೂ ಕೂತಿದ್ದೆವು.

ರಾಜ್ಯದ ಪಾರ್ಕುಗಳಲ್ಲಿ ಈ ಪಾಸು ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದವರೇ ಆಗಿ, ಯುದ್ಧಕಾಲದಲ್ಲಿ ಸೇವೆ ಮಾಡಿ, ಗೌರವಯುತವಾಗಿ ಸೇನೆಯಿಂದ ಬಿಡುಗಡೆಯಾಗಿ, ಸೇವೆಯಿಂದಾದ ಅಂಗವೈಕಲ್ಯ ಶೇಕಡಾ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಿಸ್ಟಿಂಗ್ವಿಶ್ಡ್ ವೆಟರನ್ ಪಾಸ್ ಕೇಳಿ. ಅದರಲ್ಲಿ ಕ್ಯಾಂಪಿಂಗ್ ಕೂಡ ಉಚಿತ. ನಾನು ಅದೇ ವಿಎ ಪತ್ರ ಕೊಟ್ಟು ಮಾಡಿಸಿಕೊಂಡೆ. ಬರುವ ಶನಿವಾರ ಕ್ಯಾಲವೆರಾಸ್ ಬಿಗ್ ಟ್ರೀಸ್ ಅನ್ನೋ ರಾಜ್ಯದ ಪಾರ್ಕಿಗೆ ಹೊರಟಿದ್ದೇವೆ.