ಮೂರು ಕೋಟಿ ಡಾಂಗ್ ತೆಗೆದೆ, ಖರ್ಚು ಒಂಬೈನೂರು ರೂಪಾಯಿ

"ಹೊರದೇಶದಲ್ಲಿ ಎಟಿಎಂಗೆ ಕಾರ್ಡ್ ಹಾಕೋದೂ ಒಂದೇ, ಬದು ಒಡೆದ ಗದ್ದೆಗೆ ನೀರು ಬಿಡೋದೂ ಒಂದೇ ಮಾರಾಯ. ಸುಮ್ನೆ ಡಾಲರ್ ತಗೊಂಡು ಹೋಗು." ನಮ್ಮ ಭಾವ ಪ್ರತಿ ಸಲ ಹೇಳುತ್ತಿದ್ದ ಮಾತು ಇದು. ಮೊದಲ ಸಲ ನಾನು ಕೇಳಲಿಲ್ಲ, ಸರಿಯಾಗಿ ಪೆಟ್ಟು ತಿಂದೆ. ಮೂರನೇ ಸಲವೂ ಕೇಳಲಿಲ್ಲ. ಆಗ ಗೆದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಸಕಲೇಶಪುರದ ಕಡೆಯವರು. ಕಾಫಿ, ಮೆಣಸು ಇದೆ. ವಿಯೆಟ್ನಾಂನವರು ರೊಬಸ್ಟಾ ಕಾಫಿ ಹೇಗೆ ಅಷ್ಟು ಬೆಳೆಯುತ್ತಾರೆ ಅಂತ ನೋಡೋಕೆ ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥೂಟ್‌ಗೆ ಮೂರು ಸಲ ಹೋಗಿ ಬಂದಿದ್ದೇನೆ. ತೋಟದ ಕಡೆ ಹೋದರೆ ಕಾರ್ಡ್ ಉಜ್ಜೋ ಮೆಷಿನ್ ಇಲ್ಲ. ಬಾಡಿಗೆ ಬೈಕು, ದುಭಾಷಿ, ಊಟ, ಎಲ್ಲ ನಗದು. ಎಳನೀರು ಗಾಡಿಯಲ್ಲೂ ಕ್ಯೂಆರ್ ನೇತುಹಾಕಿರುತ್ತಾರೆ. ಆದರೆ ಅದು ಅವರ ಬ್ಯಾಂಕಿನ ಖಾತೆ ಇದ್ದವರಿಗೆ. ನಾನು ಹೋದಾಗ ನಮ್ಮ ಯುಪಿಐ ಅಲ್ಲಿ ಓಡಲಿಲ್ಲ. ಸ್ಕ್ಯಾನ್ ಮಾಡಿ ನೋಡಿದೆ, ಗಾಡಿಯ ಹೆಂಗಸು ನಕ್ಕಳು ಅಷ್ಟೇ.

ಮೊದಲ ಸಲದ ಕತೆ ಕೇಳಿ. ಸಂಬಳದ ಖಾತೆಯ ಮಾಮೂಲಿ ಡೆಬಿಟ್ ಕಾರ್ಡ್ ಒಯ್ದಿದ್ದೆ. ವಿಯೆಟ್ನಾಂನ ದುಡ್ಡು ಡಾಂಗ್, ಆಗ ರೂಪಾಯಿಗೆ ಸುಮಾರು 300. ಕಂಡ ಮೊದಲ ಮೆಷಿನ್ನಿಗೆ ಹೋದರೆ ಒಂದು ಸಲಕ್ಕೆ 20 ಲಕ್ಷ ಡಾಂಗ್ ಮಾತ್ರ. ಕೇಳೋಕೆ ದೊಡ್ಡದು, ನಮ್ಮ ಲೆಕ್ಕದಲ್ಲಿ 6,700 ರೂಪಾಯಿ. ಮೆಷಿನ್ನಿನ ಶುಲ್ಕ 50,000 ಡಾಂಗ್, ಅಂದರೆ 170 ರೂಪಾಯಿ ಹತ್ತಿರ. ನಮ್ಮ ಬ್ಯಾಂಕಿನದು 150, ಅದಕ್ಕೆ ಜಿಎಸ್‌ಟಿ ಸೇರಿ 177. ಇನ್ನು ಮಾರ್ಕಪ್, ಅಂದರೆ ಬೇರೆ ದೇಶದ ದುಡ್ಡಿಗೆ ಬ್ಯಾಂಕು ಮೇಲೆ ಹಾಕೋ ಪಾಲು, ಶೇಕಡಾ 3.5, ಅದರ ಮೇಲೂ ಜಿಎಸ್‌ಟಿ, ಅದೊಂದು 280. ಕೂಡಿಸಿದರೆ 630ರ ಆಸುಪಾಸು. ನೂರಕ್ಕೆ ಒಂಬತ್ತು ರೂಪಾಯಿ ಹೋಯಿತು! ಇದು ಗೊತ್ತಾಗಿದ್ದು ಊರಿಗೆ ಬಂದು ಸ್ಟೇಟ್‌ಮೆಂಟ್ ನೋಡಿದ ಮೇಲೆ. ಅಷ್ಟರಲ್ಲಿ ಐದು ಸಲ ತೆಗೆದಿದ್ದೆ. ಐದು ಕೆಜಿ ಮೆಣಸು ನೀರಿಗೆ ಹಾಕಿದ ಹಾಗಾಯಿತು.

ಎರಡನೇ ಸಲ ಜಾಣತನ ಮಾಡಿ ಫಾರೆಕ್ಸ್ ಕಾರ್ಡ್, ಅಂದರೆ ವಿದೇಶದ ದುಡ್ಡು ಮೊದಲೇ ತುಂಬಿಸಿಡೋ ಕಾರ್ಡ್, ಮಾಡಿಸಿದೆ. ಅದರಲ್ಲಿ ಡಾಂಗ್ ತುಂಬಿಸೋಕೆ ಆಗಲ್ಲ, ಡಾಲರ್ ತುಂಬಿಸಿದೆ. ರೂಪಾಯಿಯಿಂದ ಡಾಲರಿಗೆ ಹೋಗುವಾಗ ಒಂದು ಸಲ ಕತ್ತರಿ, ಡಾಲರಿಂದ ಡಾಂಗಿಗೆ ಬರುವಾಗ ಇನ್ನೊಂದು ಸಲ. ಮೇಲೆ ಪ್ರತಿ ಸಲ ಎರಡು ಡಾಲರ್ ಶುಲ್ಕ. ಡಾಲರ್ ನಡೆಯೋ ದೇಶಕ್ಕಾದರೆ ಸರಿ, ಇಲ್ಲಿಗಲ್ಲ. ಜೊತೆಗೆ ಬಂದಿದ್ದ ಗೆಳೆಯ ಕ್ರೆಡಿಟ್ ಕಾರ್ಡಲ್ಲಿ ನಗದು ತೆಗೆದ. ತೆಗೆದ ದಿನದಿಂದಲೇ ಬಡ್ಡಿ. ಅವನ ಲೆಕ್ಕ ಇಲ್ಲಿ ಬೇಡ, ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ.

ಅದೇ ಪ್ರವಾಸದಲ್ಲಿ ಬ್ಯಾಂಕಾಕ್‌ನಲ್ಲಿ ಎರಡು ದಿನ ನಿಂತಿದ್ದೆವು. ಅಲ್ಲಿ ನನಗೆ ಒಂದು ವಿಷಯ ತಲೆಗೆ ಹೊಳೆದಿದ್ದು. ಥಾಯ್ಲೆಂಡಿನಲ್ಲಿ ಹೊರಗಿನ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಕೀಳುತ್ತಿದ್ದರು, ನಮ್ಮ ಐನೂರು ಚಿಲ್ಲರೆ. 2,000 ಬಾತ್ ತೆಗೆದರೂ ಅಷ್ಟೇ, 20,000 ತೆಗೆದರೂ ಅಷ್ಟೇ. ಹಾಗಾದರೆ ನೋಡಬೇಕಾದ್ದು ಶುಲ್ಕ ಎಷ್ಟು ಅಂತ ಮಾತ್ರ ಅಲ್ಲ, ಒಂದು ಸಲಕ್ಕೆ ಮೆಷಿನ್ ಎಷ್ಟು ಕೊಡುತ್ತೆ ಅಂತ. ಮಿತಿ ಕಡಿಮೆ ಇದ್ದಷ್ಟೂ ನಮ್ಮ ಜೇಬಿಗೆ ತೂತು ಜಾಸ್ತಿ.

ಮೂರನೇ ಸಲ ಹೊರಡುವ ಮೊದಲು ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್ ಮಾಡಿಸಿದೆ. ಈಗ ಅಂಥವು ಹಲವು ಇವೆ, ನಿಮಗೂ ಗೊತ್ತು. ನನ್ನದರಲ್ಲಿ ಸಲಕ್ಕೆ ನೂರು ರೂಪಾಯಿ, ಜಿಎಸ್‌ಟಿ ಸೇರಿ 118. ಆ ಖಾತೆಗೆ ಬೇಕಾದಷ್ಟೇ ದುಡ್ಡು ಹಾಕಿಕೊಳ್ಳುತ್ತಿದ್ದೆ. ಕಾರ್ಡ್ ಕಳೆದರೂ ಇಡೀ ಗಂಟು ಹೋಗಬಾರದಲ್ವಾ.

ಆಮೇಲೆ ಮೆಷಿನ್ ಹುಡುಕಾಟ. ಮೂರು ದಿನ ಬುವಾನ್ ಮಾ ಥೂಟ್ ಪೇಟೆಯಲ್ಲಿ ಕಂಡ ಗಾಜಿನ ಗೂಡಿಗೆಲ್ಲ ನುಗ್ಗಿದೆ. ಕಾರ್ಡ್ ಹಾಕು, ಮೊತ್ತ ಒತ್ತು, ಶುಲ್ಕ ಎಷ್ಟು ಅಂತ ತೋರಿಸಿದ ಕೂಡಲೇ ಕ್ಯಾನ್ಸಲ್. ಇದಕ್ಕೆ ಕಾಸು ಖರ್ಚಿಲ್ಲ. ಆದರೆ ಬ್ಯಾಲೆನ್ಸ್ ನೋಡೋಕೆ ಹೋಗಬೇಡಿ, ನನಗೆ ಅದಕ್ಕೂ 25 ರೂಪಾಯಿ ಬಿತ್ತು. ಹನ್ನೊಂದು ಮೆಷಿನ್ ಆದ ಮೇಲೆ ಒಂದು ಸಿಕ್ಕಿತು. ಸಲಕ್ಕೆ 50 ಲಕ್ಷ ಡಾಂಗ್, ಶುಲ್ಕ ಸೊನ್ನೆ. ಯಾವ ಬ್ಯಾಂಕಿನದು ಅಂತ ಹೇಳಲ್ಲ. ಹೇಳಿದರೆ ಅವರೂ ನಾಳೆ ಶುಲ್ಕ ಹಾಕಿಬಿಡುತ್ತಾರೆ. ಹಸಿರು ಬೋರ್ಡು, ಇಷ್ಟು ಸಾಕು.

ಎಲ್ಲರೂ ಎಡವೋ ಇನ್ನೊಂದು ಜಾಗ ಹೇಳಬೇಕು. ಮೆಷಿನ್ ಕೊನೆಯಲ್ಲಿ ಕೇಳುತ್ತೆ, ರೂಪಾಯಿಯಲ್ಲೇ ಲೆಕ್ಕ ಹಾಕಲಾ ಅಂತ. ಒಂದು ಕಡೆ 'ಅಕ್ಸೆಪ್ಟ್', ಅಂದರೆ ಅವರ ರೇಟಿಗೆ ಒಪ್ಪಿಗೆ. ಇನ್ನೊಂದು ಕಡೆ 'ಡಿಕ್ಲೈನ್', ಆ ರೇಟು ಬೇಡ ಅಂತ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರಲ್ಲ ಅನ್ನೋ ಭಯ ಎಲ್ಲರಿಗೂ. ಒಂದು ಸಲ ಬೇಕಂತಲೇ 10 ಲಕ್ಷ ಡಾಂಗಿಗೆ ಅಕ್ಸೆಪ್ಟ್ ಒತ್ತಿ ನೋಡಿದೆ: 3,600 ರೂಪಾಯಿ ಹೋಯಿತು. ಮರುದಿನ ಡಿಕ್ಲೈನ್ ಒತ್ತಿದೆ: ಅಷ್ಟೇ ಡಾಂಗಿಗೆ 3,350. ದುಡ್ಡು ಎರಡು ಸಲವೂ ಬಂತು. 250 ರೂಪಾಯಿ ಕೊಟ್ಟು ಕಲಿತ ಪಾಠ, ನಿಮಗೆ ಪುಕ್ಕಟೆ.

ದಿನದ ಮಿತಿಯದ್ದೂ ಒಂದು ತಮಾಷೆ. ಮರುದಿನ ಬೆಳಗ್ಗೆ ನಾಲ್ಕಕ್ಕೆ ತೋಟಕ್ಕೆ ಹೊರಡಬೇಕಿತ್ತು, ಆ ದಿನದ ಕೋಟಾ ಮುಗಿದಿತ್ತು. ರಾತ್ರಿ 12 ದಾಟಿದರೆ ಹೊಸ ದಿನ ಅಂತ ಹೋದೆ. ಆಗಲಿಲ್ಲ. ವಾಪಸ್ ಬಂದು ಮಲಗಿದಾಗ ನೆನಪಾಯಿತು, ಅವರು ನಮಗಿಂತ ಒಂದೂವರೆ ಗಂಟೆ ಮುಂದೆ. ನಮ್ಮ ಬ್ಯಾಂಕಿಗೆ ದಿನ ಬದಲಾಗೋದು ಅವರ 1.30ಕ್ಕೆ. ಎದ್ದು ಹೋದೆ, ಮೆಷಿನ್ ಗರಗರ ಅಂತ ಎಣಿಸಿ ಕೊಟ್ಟಿತು.

ಕೊಡೋದೆಲ್ಲ ಐದು ಲಕ್ಷದ ನೋಟು. ಫೋ ಅನ್ನೋ ನೂಡಲ್ಸ್ ಸೂಪಿನ ಅಂಗಡಿಯಲ್ಲಿ ಅದಕ್ಕೆ ಚಿಲ್ಲರೆ ಇರಲ್ಲ. ಅದಕ್ಕೆ ನಾನು 50 ಲಕ್ಷ ಒತ್ತುವ ಬದಲು 49.5 ಲಕ್ಷ ಒತ್ತುತ್ತಿದ್ದೆ. ಆಗ ಕೊನೆಯ ನಾಲ್ಕೂವರೆ ಲಕ್ಷ ಚಿಕ್ಕ ನೋಟುಗಳಲ್ಲಿ ಬರುತ್ತೆ. ಆದರೆ ಹುಷಾರು. 20,000ದ ನೋಟೂ ನೀಲಿ, 5 ಲಕ್ಷದ್ದೂ ನೀಲಿ, ಎರಡರಲ್ಲೂ ಅವರ ನಾಯಕ ಹೋ ಚಿ ಮಿನ್ ಮುಖ. ರಾತ್ರಿ ಬೆಳಕಲ್ಲಿ ನಾನು ಕಬ್ಬಿನ ಹಾಲಿನವನಿಗೆ ದೊಡ್ಡದನ್ನೇ ಕೊಟ್ಟು ಹೊರಟಿದ್ದೆ. ಪುಣ್ಯಾತ್ಮ, ಓಡಿ ಬಂದು ಭುಜ ತಟ್ಟಿ ಕೊಟ್ಟ.

ಹದಿನೈದು ದಿನಕ್ಕೆ ಆರು ಸಲ, ಹೆಚ್ಚುಕಡಿಮೆ ಮೂರು ಕೋಟಿ ಡಾಂಗ್, ಲಕ್ಷ ರೂಪಾಯಿ ಅನ್ನಿ. ನಮ್ಮ ಬ್ಯಾಂಕಿಗೆ 708. ಒಂದು ಸಲ ಮಾತ್ರ ವಿಧಿಯಿಲ್ಲದೆ ಬೇರೆ ಮೆಷಿನ್, ಅದಕ್ಕೆ 185. ಪ್ರಯೋಗಕ್ಕೆ ತೆಗೆದ ಎರಡು ಸಲವನ್ನು ಇದರಲ್ಲಿ ಸೇರಿಸಿಲ್ಲ, ಅದು ನನ್ನ ಚಟದ ಖರ್ಚು. ಇಷ್ಟನ್ನೇ 20 ಲಕ್ಷದ ಮೆಷಿನ್ನಲ್ಲಿ ತೆಗೆದಿದ್ದರೆ ಹದಿನೈದು ಸಲ ನಿಲ್ಲಬೇಕಿತ್ತು.

ಭಾವ ಅದೇ ಪ್ರವಾಸದಲ್ಲಿ ಡಾಲರ್ ತಂದಿದ್ದರು. ಬೆಂಗಳೂರಲ್ಲಿ ಕೊಳ್ಳುವಾಗಲೇ ಡಾಲರಿಗೆ ಎರಡು ರೂಪಾಯಿ ಮೇಲೆ ಕೊಟ್ಟಿದ್ದರು. ಮಡಿಸಿದ ಗುರುತಿದ್ದ ಎರಡು ನೋಟನ್ನು ಅಲ್ಲಿ ಯಾರೂ ಮುಟ್ಟಲಿಲ್ಲ. ಚಿನ್ನದಂಗಡಿಯಲ್ಲಿ ಒಳ್ಳೆ ರೇಟು ಕೊಡ್ತಾರಂತೆ ಅಂತ ಹೊರಟವರನ್ನು ನಾನೇ ತಡೆದೆ. 2018ರಲ್ಲಿ ಕಾನ್ ಥೋ ನಗರದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಪರವಾನಗಿ ಇಲ್ಲದ ಚಿನ್ನದಂಗಡಿಯಲ್ಲಿ ಬರೀ 100 ಡಾಲರ್ ಬದಲಾಯಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಹಾಕಿದ್ದರು. ಆಮೇಲೆ ದಂಡ ಮಾಫಿ ಮಾಡಿದರು ಅನ್ನಿ, ಭಾವನಿಗೆ ಅದನ್ನು ನಾನು ಹೇಳಲಿಲ್ಲ.

ಹೋದ ತಿಂಗಳು ಭಾವ ಒಬ್ಬರೇ ಹೋಗಿದ್ದರು, ನನ್ನ ಥರದ್ದೇ ಕಾರ್ಡ್ ಮಾಡಿಸಿಕೊಂಡು. ಸಂಜೆ ತೋಟದಲ್ಲಿದ್ದಾಗ ವಾಟ್ಸಾಪಲ್ಲಿ ಫೋಟೊ ಬಂತು. ಹಸಿರು ಬೋರ್ಡಿನ ಮೆಷಿನ್ನಿನ ಸ್ಕ್ರೀನು. ಕೆಳಗೆ ಒಂದೇ ಸಾಲು: "ಯಾವ ಬಟನ್ ಒತ್ತಬೇಕು ಅಂದಿದ್ದೆ ಮಾರಾಯ, ಬೇಗ ಹೇಳು, ಹಿಂದೆ ಜನ ನಿಂತಿದ್ದಾರೆ."