ಜನವರಿ 26ರ ತುಕಡಿಗೆ ಹೆಸರು ಕೊಟ್ಟವರಿಗೆ

ಗಣರಾಜ್ಯೋತ್ಸವದ ಪಥಸಂಚಲನದ ತುಕಡಿಯಲ್ಲಿ ನಿಮ್ಮ ಹೆಸರು ಬಂದಿದೆ ಎಂದರೆ ಇನ್ನು ಮೂರು ವಾರ ಬೆಳಗಿನ ನಿದ್ದೆಯನ್ನು ಮರೆತುಬಿಡಿ. ಜನವರಿಯ ಚಳಿಗೆ ಧಾರವಾಡದಲ್ಲಿ ಆರು ಗಂಟೆಗೆ ಕೈಬೆರಳು ಮರಗಟ್ಟಿರುತ್ತವೆ. ಆದರೂ ಮೈದಾನಕ್ಕೆ ಬರಲೇಬೇಕು. ಹದಿನೇಳು ವರ್ಷಗಳಿಂದ ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಪ್ರತಿ ಗಣರಾಜ್ಯೋತ್ಸವಕ್ಕೂ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಹೆಣ್ಣುಮಕ್ಕಳ ಒಂದು ತುಕಡಿಯನ್ನು ಕರೆದೊಯ್ಯುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಚಾರ. ಹೊಸ ಶೂ ತಂದಿದ್ದರೆ ಈಗಿನಿಂದಲೇ ಹಾಕಿಕೊಂಡು ಓಡಾಡಿ. 26ರ ಬೆಳಿಗ್ಗೆ ಮೊದಲ ಸಲ ಹಾಕಿದರೆ ಎರಡು ಸುತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಕಾಲುಚೀಲ ಹತ್ತಿಯದೇ ಇರಲಿ, ಲೇಸಿನ ತುದಿ ಒಳಗೆ ಸಿಕ್ಕಿಸಿರಲಿ.

ಇನ್ನು ನಿಲ್ಲುವುದು. ಸಾವಧಾನ್ ಎಂದಾಗ ಹಿಮ್ಮಡಿ ಎರಡೂ ಕೂಡಿರಬೇಕು, ಪಾದದ ಮುಂಭಾಗ ಸುಮಾರು 30 ಡಿಗ್ರಿ ಅಗಲವಾಗಿರಬೇಕು. ಮುಷ್ಟಿ ಮಡಚಿ, ಹೆಬ್ಬೆರಳು ಮುಂದಕ್ಕೆ ಬರುವಂತೆ ಪ್ಯಾಂಟಿನ ಪಕ್ಕದ ಹೊಲಿಗೆಗೆ ತಾಗಿಸಿ. ವಿಶ್ರಾಮ್ ಎಂದರೆ ಕಾಲುಗಳ ನಡುವೆ 12 ಇಂಚು ಅಂತರ. ವಿಶ್ರಾಮ್ ಎಂಬ ಹೆಸರಿದ್ದರೂ ಅಲ್ಲಿ ಮಾತಿಲ್ಲ, ಅಲುಗಾಟವಿಲ್ಲ.

ತೇಜ್ ಚಲ್, ಅಂದರೆ ವೇಗದ ನಡಿಗೆಯ ಆಜ್ಞೆ ಬಂದಾಗ ಎಡಗಾಲು ಮೊದಲು. ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು ಎನ್ನುವುದು ಪುಸ್ತಕದ ಲೆಕ್ಕ. ಎಂಟನೆಯ ತರಗತಿಯ ಮಕ್ಕಳಿಗೆ ಆ ಉದ್ದ ಎಟುಕುವುದಿಲ್ಲ. ಆದ್ದರಿಂದ ತುಕಡಿಯ ಅತಿ ಗಿಡ್ಡ ಹುಡುಗಿ ಎಷ್ಟು ದೂರ ಕಾಲಿಡಬಲ್ಲಳೋ ಅದನ್ನೇ ಎಲ್ಲರ ಅಳತೆ ಮಾಡುತ್ತೇನೆ. ಆ ಅಂತರಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗೆರೆಯಿಂದ ಗೆರೆಗೆ ನಡೆಸುತ್ತೇನೆ. ಉದ್ದ ಕಾಲಿನವರು ತಡೆದುಕೊಂಡು ನಡೆಯಲಿ. ಗಿಡ್ಡ ಕಾಲಿನವಳನ್ನು ಓಡಿಸುವ ತುಕಡಿ ನನಗೆ ಬೇಡ.

ಪ್ರತಿ ವರ್ಷವೂ ಒಬ್ಬಳಾದರೂ ಎಡಗಾಲಿನ ಜೊತೆ ಎಡಗೈಯನ್ನೇ ಮುಂದೆ ಬೀಸುತ್ತಾಳೆ. ಗದರಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ಹುಟ್ಟಿದಾಗಿನಿಂದ ಸರಿಯಾಗಿಯೇ ನಡೆದ ಮಗು ಅದು, ನಡಿಗೆಯನ್ನು ಯೋಚಿಸತೊಡಗಿದಾಗ ಮಾತ್ರ ತಪ್ಪುತ್ತದೆ. ನಾನು ಅವಳನ್ನು ಸಾಲಿನಿಂದ ಹೊರಗೆ ಕರೆದು, ಪಕ್ಕದಲ್ಲೇ ನಡೆಯುತ್ತಾ, ನಿನ್ನೆ ರೊಟ್ಟಿಗೆ ಏನು ಪಲ್ಯ ಮಾಡಿದ್ದರು ಎಂದು ಕೇಳುತ್ತೇನೆ. ಬದನೆಕಾಯಿ ಎಣಗಾಯಿಯ ಮಾತು ಮುಗಿಯುವುದರೊಳಗೆ ಕೈ ತಾನಾಗಿ ಸರಿಹೋಗಿರುತ್ತದೆ. ಆಮೇಲೆ ಮೆಲ್ಲಗೆ ಮೊಣಕೈ ನೆಟ್ಟಗೆ ಮಾಡಿಸಿ, ಭುಜದಿಂದ ಬೀಸಲು ಹೇಳಿದರೆ ಸಾಕು.

ಸಾಲು ನೇರವಾಗಿರಬೇಕಾದರೆ ಕತ್ತು ತಿರುಗಿಸದೆ ಓರೆಗಣ್ಣಿನಲ್ಲಿ ಪಕ್ಕದವಳ ಭುಜವನ್ನು ನೋಡಲು ಕಲಿಯಿರಿ. ಹಿಂದೆ ಬಿದ್ದರೆ ಒಂದೇ ಸಲಕ್ಕೆ ಹಾರಿ ಸೇರಬೇಡಿ, ನಾಲ್ಕು ಹೆಜ್ಜೆಗಳಲ್ಲಿ ಹಂಚಿಕೊಂಡು ಸೇರಿ.

ವೇದಿಕೆಯ ಮುಂದೆ ದಾಹಿನೇ ದೇಖ್ ಎಂದಾಗ ಎಲ್ಲರೂ ತಲೆಯನ್ನು ಬಲಕ್ಕೆ ತಿರುಗಿಸುತ್ತಾರೆ, ಕೈ ಬೀಸುವುದು ನಿಲ್ಲುವುದಿಲ್ಲ. ಸೆಲ್ಯೂಟ್ ಮಾಡುವವಳು ತುಕಡಿಯ ನಾಯಕಿ ಮಾತ್ರ. ಆದರೆ ಬಲತುದಿಯ ಸಾಲಿನವರು ತಲೆ ತಿರುಗಿಸುವಂತಿಲ್ಲ. ವೇದಿಕೆಗೆ ಎಲ್ಲರಿಗಿಂತ ಹತ್ತಿರ ಹಾದುಹೋಗಿಯೂ ಅವರು ಅದನ್ನು ನೋಡುವುದಿಲ್ಲ. ಉಳಿದವರ ಕಣ್ಣು ದಾರಿಯ ಮೇಲೆ ಇಲ್ಲದ ಆ ಹೊತ್ತಿನಲ್ಲಿ ತುಕಡಿಯನ್ನು ನೇರ ಒಯ್ಯುವವರು ಅವರೇ. ಆ ಸಾಲಿಗೆ ಆಯ್ಕೆಯಾದ ಹುಡುಗಿಯೊಬ್ಬಳು, 'ಟೀಚರ್, ನನಗೆ ಮಂತ್ರಿಗಳು ಕಾಣುವುದೇ ಇಲ್ಲವಲ್ಲ' ಎಂದು ಕಣ್ಣು ತುಂಬಿಕೊಂಡಿದ್ದಳು. 'ನಿನ್ನನ್ನು ನಂಬಿಕೊಂಡು ಇಷ್ಟು ಜನ ದಾರಿ ನೋಡದೆ ನಡೆಯುತ್ತಾರಲ್ಲ' ಎಂದೆ. ಮರುದಿನದಿಂದ ಅವಳ ಹೆಜ್ಜೆಯ ಸದ್ದೇ ಬೇರೆಯಾಯಿತು.

ನಡೆಯುವುದಕ್ಕಿಂತ ಕಾಯುವುದು ಕಷ್ಟ. ಧ್ವಜವಂದನೆ, ತುಕಡಿಗಳ ಪರಿವೀಕ್ಷಣೆ, ಉಸ್ತುವಾರಿ ಸಚಿವರ ಸಂದೇಶ ಎಂದು ಹೊತ್ತು ಏರುತ್ತದೆ, ಬಿಸಿಲೂ ಏರುತ್ತದೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಖಾಲಿ ಹೊಟ್ಟೆಯಲ್ಲಿ ಹೋಗಿ, ಮೊಣಕಾಲು ಬಿಗಿಹಿಡಿದು ನಿಂತು, ಭಾಷಣದ ನಡುವೆ ಕುಸಿದುಬಿದ್ದೆ. ಕದಲದೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಮಿದುಳಿಗೆ ಕಡಿಮೆಯಾಗುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ. ಶೂ ಒಳಗೆ ಬೆರಳುಗಳನ್ನು ಆಡಿಸುತ್ತಿರಿ. ಮೀನಖಂಡವನ್ನು ಬಿಗಿಮಾಡಿ ಬಿಡುತ್ತಿರಿ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹೊರಡುವ ಮೊದಲು ಉಪ್ಪಿಟ್ಟೋ ಅವಲಕ್ಕಿಯೋ ತಿನ್ನಿ, ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಯಿರಿ. ಕಣ್ಣು ಮಂಜಾಗಿ ಕಿವಿ ಗುಂಯ್ಗುಡತೊಡಗಿದರೆ ಅಲ್ಲೇ ಕುಳಿತುಬಿಡಿ. ಅದರಲ್ಲಿ ಅವಮಾನವಿಲ್ಲ.

ಈಗ ಮಕ್ಕಳು ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆ: ಎದೆ ತುಂಬಿ ಬರುತ್ತದೆ ಎನ್ನುತ್ತಾರಲ್ಲ, ಬರದಿದ್ದರೆ? ಎದೆ ಉಬ್ಬಿಸಿದರೆ ಅದು ಬರುವುದಿಲ್ಲ. ನನಗೆ ಬಂದದ್ದು ಅವ್ವನ ಸೀರೆಯಿಂದ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಅವ್ವ ಧ್ವಜ ಹೊಲಿಯುತ್ತಿದ್ದಳು. ಸಂಜೆ ಮನೆಗೆ ಬಂದಾಗ ಸೆರಗಿಗೆ ಕೇಸರಿ, ಹಸಿರು ನೂಲಿನ ಎಳೆಗಳು ಅಂಟಿರುತ್ತಿದ್ದವು. ಮೂರು ಪಟ್ಟಿಗಳನ್ನು ಕೂಡಿಸುವ ಹೊಲಿಗೆ ಒಂದಿಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದಳಂತೆ. ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂಡಬೇಕು ಎಂದು ಲಾಟೀನಿನ ಬೆಳಕಿಗೆ ಕರವಸ್ತ್ರ ಹಿಡಿದು ತೋರಿಸಿದ್ದಳು. ಮುಂದೆ ನಾನು ಸಾಲಿನಲ್ಲಿ ನಿಂತು, ಕಂಬದ ತುದಿಯಲ್ಲಿ ಕಟ್ಟಿದ್ದ ಬಟ್ಟೆ ಬಿಚ್ಚಿಕೊಂಡಾಗ, ಮೊದಲು ಹುಡುಕಿದ್ದು ಆ ಹೊಲಿಗೆಯನ್ನು.

ಅದಕ್ಕಾಗಿಯೇ ಡಿಸೆಂಬರಿನಲ್ಲಿ ಮಕ್ಕಳನ್ನು ಬೆಂಗೇರಿಗೆ ಕರೆದೊಯ್ಯುತ್ತೇನೆ. ನಮ್ಮದೇ ತಾಲ್ಲೂಕಿನ ಗರಗದಲ್ಲಿ ಧ್ವಜದ ಖಾದಿ ನೇಯ್ದವರ ಬಗ್ಗೆ ಹೇಳುತ್ತೇನೆ. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಸ್ವಾತಂತ್ರ್ಯ ಹೋರಾಟಗಾರ ಎನ್.ಎಸ್. ಹರ್ಡೀಕರರೊಂದಿಗೆ ಹುಬ್ಬಳ್ಳಿಯಿಂದ ಹೋಗಿ ಜೈಲು ಸೇರಿದವರ ಬಗ್ಗೆಯೂ ಹೇಳುತ್ತೇನೆ. ನೀವು ಬೇರೆ ಊರಿನವರಾದರೆ ನಿಮ್ಮೂರಿನಲ್ಲಿ ಅಂಥವರು ಯಾರಿದ್ದರು ಎಂದು ಹಿರಿಯರನ್ನು ಕೇಳಿ ಹೋಗಿ. ಜನಗಣಮನದ 52 ಸೆಕೆಂಡು ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳದೆ ನಿಲ್ಲಲು ಅದು ಬಲ ಕೊಡುತ್ತದೆ.

ಪಥಸಂಚಲನ ಮುಗಿದ ಕೂಡಲೇ ಲಾಡು ತೆಗೆದುಕೊಂಡು ಓಡಬೇಡಿ. ಜನ ಬಿಟ್ಟುಹೋದ ಕಾಗದದ ಧ್ವಜಗಳು ನೆಲದಲ್ಲಿ ಬಿದ್ದಿರುತ್ತವೆ. ಧ್ವಜ ಸಂಹಿತೆಯ ಪ್ರಕಾರ ಅವನ್ನು ಹಾಗೆ ನೆಲಕ್ಕೆ ಎಸೆಯುವಂತಿಲ್ಲ. ನಮ್ಮ ತುಕಡಿ ಮೆಟ್ಟಿಲು ಮೆಟ್ಟಿಲು ಹತ್ತಿ ಆರಿಸುತ್ತದೆ. ಕಳೆದ ವರ್ಷ ನಲವತ್ಮೂರು ಸಿಕ್ಕವು. ಬಲತುದಿಯಲ್ಲಿ ನಡೆದಿದ್ದ ಆ ಹುಡುಗಿಯೇ ಒಂದೊಂದರ ಮಣ್ಣನ್ನು ದುಪಟ್ಟಾದಿಂದ ಒರೆಸಿ, ಮುದುರಿದ್ದನ್ನು ಬಿಡಿಸಿ, ಕೇಸರಿ ಮೇಲೆ ಬರುವಂತೆ ಜೋಡಿಸಿಕೊಂಡು, ಬಸ್ಸಿನಲ್ಲಿ ಶಾಲೆಯವರೆಗೂ ಮಡಿಲಲ್ಲಿ ಇಟ್ಟುಕೊಂಡು ಬಂದಳು.