ಕೆತ್ತಿದ ಕಲ್ಲಿಗೆ ಬಣ್ಣ: ಈಜಿಪ್ಟಿನವರು ಮಾಡುತ್ತಿದ್ದದ್ದು ಹೀಗೆ

ಈಜಿಪ್ಟಿನ ಹಳೇ ದೇವಸ್ಥಾನಗಳ ಗೋಡೆಗಳು ಈಗ ಹೆಚ್ಚಾಗಿ ಬರೀ ಕಲ್ಲಿನ ಬಣ್ಣದಲ್ಲೇ ಕಾಣುತ್ತವೆ. ಆದರೆ ಅವನ್ನು ಕೆತ್ತಿದ್ದೇ ಬಣ್ಣ ತುಂಬುವುದಕ್ಕಾಗಿ. ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ರಾಜರ ಕಣಿವೆಯಲ್ಲಿರುವ ಹೊರೆಮ್‌ಹೆಬ್ ರಾಜನ ಸಮಾಧಿಯನ್ನು ನೋಡಬೇಕು. ಕ್ರಿ.ಪೂ. 1292ರ ಸುಮಾರಿಗೆ ರಾಜ ತೀರಿಕೊಂಡಾಗ ಒಳಕೋಣೆಯ ಕೆಲಸ ಅರ್ಧಕ್ಕೇ ನಿಂತಿತು. 1908ರಲ್ಲಿ ಸಮಾಧಿ ಪತ್ತೆಯಾದಾಗ ಒಂದೊಂದು ಹಂತವೂ ಗೋಡೆಯ ಮೇಲೆ ಹಾಗೇ ಉಳಿದಿತ್ತು.

ಮೊದಲು ಗೋಡೆಯನ್ನು ಉಜ್ಜಿ ಮಟ್ಟ ಮಾಡುತ್ತಿದ್ದರು. ಬಿರುಕು ಕಂಡಲ್ಲಿ ಗಾರೆ ತುಂಬುತ್ತಿದ್ದರು.

ಆಮೇಲೆ ಚೌಕಗಳು. ನಮ್ಮ ಬಡಗಿಗಳು ಮರದ ಮೇಲೆ ದಾರ ಹೊಡೆಯುತ್ತಾರಲ್ವಾ, ಹಾಗೇ ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ ಗೋಡೆಗೆ ಹೊಡೆಯುತ್ತಿದ್ದರು. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಮಂಡಿ 6ನೇ ಗೆರೆಗೆ, ಭುಜ 16ನೇ ಗೆರೆಗೆ. ನೀವೂ ಚೌಕದ ಹಾಳೆಯಲ್ಲಿ ಹೀಗೆ ಬರೆದು ನೋಡಿ. ಆಕೃತಿ ಎಷ್ಟು ದೊಡ್ಡದಾದರೂ ಅಳತೆ ಕೆಡುವುದಿಲ್ಲ.

ಚೌಕದ ಮೇಲೆ ಕೆಂಪು ಬಣ್ಣದಲ್ಲಿ ಚಿತ್ರದ ಕರಡು. ತಪ್ಪಿದ್ದಲ್ಲಿ ಕಪ್ಪು ಗೆರೆಯಲ್ಲಿ ತಿದ್ದುಪಡಿ. ಹೊರೆಮ್‌ಹೆಬ್ ಸಮಾಧಿಯಲ್ಲಿ ಎರಡೂ ಗೆರೆಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಮೂರು ಸಾವಿರ ವರ್ಷ ಕಳೆದರೂ ಯಾರದೋ ಕೈ ಇನ್ನೊಬ್ಬರ ಕೈಯನ್ನು ತಿದ್ದಿದ್ದು ಅಲ್ಲಿ ಸ್ಪಷ್ಟವಾಗಿದೆ. ನನಗಂತೂ ಮುಗಿದ ಚಿತ್ರಗಳಿಗಿಂತ ಈ ಗೆರೆಗಳೇ ಜಾಸ್ತಿ ಇಷ್ಟ.

ಇನ್ನು ಕೆತ್ತನೆ. ಸುಣ್ಣದ ಕಲ್ಲು ಮೆತ್ತಗಿರುವುದರಿಂದ ತಾಮ್ರದ ಅಥವಾ ಕಂಚಿನ ಉಳಿ, ಮರದ ಕೊಡತಿ ಸಾಕಾಗುತ್ತಿತ್ತು. ಕೆತ್ತುವ ಬಗೆ ಎರಡು. ಆಕೃತಿಯ ಸುತ್ತಲಿನ ಕಲ್ಲನ್ನೆಲ್ಲ ತೆಗೆದರೆ ಆಕೃತಿ ಉಬ್ಬಿ ನಿಲ್ಲುತ್ತದೆ. ಅಂಚನ್ನು ಮಾತ್ರ ಆಳಕ್ಕೆ ಕೊರೆದು ಆಕೃತಿಯನ್ನು ಗೋಡೆಯೊಳಗೇ ಬಿಟ್ಟರೆ ಅದು ತಗ್ಗು ಕೆತ್ತನೆ. ಉಬ್ಬು ಕೆತ್ತನೆ ಹೆಚ್ಚಾಗಿ ಒಳಕೋಣೆಗಳಿಗೆ, ದೀಪದ ಮಂದ ಬೆಳಕಿಗೆ. ಹೊರಗೋಡೆಗೆ ತಗ್ಗು ಕೆತ್ತನೆ. ಕೊರೆದ ಅಂಚಿನಲ್ಲಿ ಬಿಸಿಲು ಕಪ್ಪನೆಯ ನೆರಳು ಹಾಕುತ್ತದೆ, ಚಿತ್ರ ದೂರಕ್ಕೂ ಎದ್ದು ಕಾಣುತ್ತದೆ.

ಕೊನೆಗೆ ಬಣ್ಣ. ಕೆಂಪು, ಹಳದಿ ಎರಡೂ ಮಣ್ಣಿನಿಂದ. ಕಪ್ಪು ಮಸಿಯಿಂದ. ಬಿಳಿ ಜಿಪ್ಸಮ್‌ನಿಂದ ಅಥವಾ ಸುಣ್ಣದ ಕಲ್ಲಿನಿಂದ. ನೀಲಿಯದು ಮಾತ್ರ ಬೇರೆಯೇ ಕಥೆ. ಮರಳು, ಸುಣ್ಣ, ತಾಮ್ರದ ಜೊತೆ ಸ್ವಲ್ಪ ಕ್ಷಾರ ಸೇರಿಸಿ 850ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಬಂದ ಗಟ್ಟಿಯನ್ನು ದಪ್ಪಗೆ ಅರೆದರೆ ಗಾಢ ನೀಲಿ, ನುಣ್ಣಗೆ ಅರೆದರೆ ತಿಳಿ ನೀಲಿ. ಮನುಷ್ಯ ಕೈಯಾರೆ ತಯಾರಿಸಿದ ಅತಿ ಹಳೆಯ ಬಣ್ಣಗಳಲ್ಲಿ ಇದೂ ಒಂದು. ಪುಡಿಗೆ ಜಾಲಿ ಜಾತಿಯ ಮರದ ಅಂಟನ್ನೋ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿದ ಅಂಟನ್ನೋ ಕಲಸಿ, ನಾರು ಬಿಡಿಸಿದ ಕಡ್ಡಿಯ ಕುಂಚದಿಂದ ಬಳಿಯುತ್ತಿದ್ದರು. ಸಾಮಾನ್ಯವಾಗಿ ಗಂಡಸರ ಮೈಗೆ ಕೆಂಗಂದು, ಹೆಂಗಸರ ಮೈಗೆ ಹಳದಿ. ಎಲ್ಲ ಆದ ಮೇಲೆ ಅಂಚಿನ ಗೆರೆಯನ್ನು ಮತ್ತೊಮ್ಮೆ ಎಳೆಯುತ್ತಿದ್ದರು.

ಎರಡೂ ಬಗೆಯ ಕೆತ್ತನೆಯನ್ನು ಹೋಲಿಸಬೇಕೆಂದರೆ ಈಜಿಪ್ಟಿನ ಅಬಿಡೋಸ್‌ನಲ್ಲಿರುವ ಒಂದನೇ ಸೇಟಿ ರಾಜನ ದೇವಸ್ಥಾನಕ್ಕೆ ಹೋಗಬೇಕು. ಸೇಟಿ ಮಾಡಿಸಿದ ಒಳಭಾಗದಲ್ಲಿ ನವಿರಾದ ಉಬ್ಬು ಕೆತ್ತನೆಯಿದೆ, ಬಣ್ಣವೂ ಬಹಳಷ್ಟು ಉಳಿದಿದೆ. ಉಳಿದ ಕೆಲಸ ಮುಗಿಸಿದ ಮಗ ಎರಡನೇ ರಾಮ್ಸೆಸ್ ಬೇಗ ಮುಗಿಯುವ ತಗ್ಗು ಕೆತ್ತನೆಯನ್ನೇ ಹೆಚ್ಚಾಗಿ ಮಾಡಿಸಿದ. ಅಪ್ಪನ ಕಾಲದ ಕೆಲಸದ ನಾಜೂಕು ಅದರಲ್ಲಿಲ್ಲ.